ಯಾರು ಹೇಳಿದರು? ಬೀದರಿನ ಮದರಸಾದಿಂದ ನಮ್ಮ ಮೊಬೈಲಿನವರೆಗೆ

(ಹಳೆಯ ವಿದ್ಯಾರ್ಥಿ, 2005ನೇ ಸಾಲಿನ ಎಸ್ಸೆಸ್ಸೆಲ್ಸಿ ತಂಡ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ನಮ್ಮ ಸರಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಫೋನ್ ಮಾಡಿದಾಗ, "ಕಂಪ್ಯೂಟರ್ ಬಗ್ಗೆ ಬರೀರಿ, ನಮ್ಮ ಹುಡುಗರಿಗೆ ಉಪಯೋಗ ಆಗ್ತದ" ಎಂದಿದ್ದರು. ಇತಿಹಾಸದ ಬಗ್ಗೆ ಬರೆಯುತ್ತೇನೆ ಎಂದೆ. ಇಂಜಿನಿಯರ್ ಆದವನಿಗೆ ಇತಿಹಾಸ ಯಾಕೆ ಎಂದು ಅವರು ನಕ್ಕರು. ಅವರಿಗೆ ಆಗ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೊಂದು ತಪ್ಪಿನ ಕಥೆಯೂ ಇದೆ. ಊರಿನ ಹಿರಿಯರು, ಗುರುಗಳು, ಗೆಳೆಯರು ದಯವಿಟ್ಟು ಕೊನೆಯವರೆಗೆ ಓದಬೇಕು.

ದಿನಕ್ಕೆ ಎರಡು ಶಾಲೆ

ನಾವು ಚಿಕ್ಕವರಿದ್ದಾಗ ಊರಿನ ಮುಸಲ್ಮಾನ ಮಕ್ಕಳಿಗೆ ದಿನಕ್ಕೆ ಎರಡು ಶಾಲೆ. ಬೆಳಗಿನ ನಮಾಜು ಮುಗಿದ ಮೇಲೆ ಮಸೀದಿಯ ಪಡಸಾಲೆಯಲ್ಲಿ ಹಜ್ರತರ ಮುಂದೆ ಅರಬ್ಬಿ ಅಕ್ಷರ. ಅಲ್ಲಿಂದ ಮನೆಗೆ ಓಡಿ ಬಂದು, ರೊಟ್ಟಿ ತಿಂದು, ಸಮವಸ್ತ್ರ ಹಾಕಿಕೊಂಡು ಈ ಶಾಲೆಗೆ. ಅಲ್ಲಿ ಬಲದಿಂದ ಎಡಕ್ಕೆ ಓದುತ್ತಿದ್ದೆವು, ಇಲ್ಲಿ ಎಡದಿಂದ ಬಲಕ್ಕೆ. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ. ಎರಡರ ನಡುವೆ ನಮಗೆ ಎಂದೂ ಜಗಳ ಕಂಡಿರಲಿಲ್ಲ.

ಹಜ್ರತರು ಎರಡು ಮಾತನ್ನು ಯಾವಾಗಲೂ ಜೋಡಿಸಿಯೇ ಹೇಳುತ್ತಿದ್ದರು: ತಾಲೀಮ್ ಮತ್ತು ತರಬಿಯತ್. ತಾಲೀಮ್ ಎಂದರೆ ಕಲಿಸುವುದು. ತರಬಿಯತ್ ಎಂದರೆ ಸಸಿಯನ್ನು ಸಾಕಿದಂತೆ ಮನುಷ್ಯನನ್ನು ಬೆಳೆಸುವುದು. ಈ ಎರಡೂ ಅರಬ್ಬಿ ಶಬ್ದಗಳು ಕನ್ನಡದಲ್ಲಿಯೂ ಇವೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಕಡೆ ಕುಸ್ತಿಯ ಮನೆಗೆ, ನಾಟಕದ ಅಭ್ಯಾಸಕ್ಕೆ ನಾವು ಹೇಳುವ ತಾಲೀಮು ಅದೇ ಶಬ್ದ. ಶಿಕ್ಷಕರ ತರಬೇತಿ, ಪೊಲೀಸ್ ತರಬೇತಿ ಎನ್ನುವಾಗಿನ ತರಬೇತಿ ಆ ತರಬಿಯತ್ತೇ.

ಒಂದು ಬೆಳಗಿನ ನೆನಪು ಇನ್ನೂ ಹಸಿಯಾಗಿದೆ. ಹಿಂದಿನ ದಿನ ಹಜ್ರತರು ನನ್ನ ಪಕ್ಕದ ಹುಡುಗನನ್ನು ತಪ್ಪು ಓದಿದ್ದಾನೆಂದು ಗದರಿದ್ದರು. ಮರುದಿನ ಎಲ್ಲರೂ ಕುಳಿತ ಮೇಲೆ ಆ ಹುಡುಗನನ್ನು ಎಬ್ಬಿಸಿ, "ನಿನ್ನೆ ಇವನು ಓದಿದ್ದೇ ಸರಿ ಇತ್ತು, ತಪ್ಪು ನನ್ನದು" ಎಂದರು. ಐವತ್ತು ದಾಟಿದ ಮನುಷ್ಯ ಎಂಟು ವರ್ಷದ ಹುಡುಗನ ಮುಂದೆ! ಆ ದಿನ ಯಾವ ಪಾಠ ನಡೆಯಿತೋ ಮರೆತಿದ್ದೇನೆ. ಈ ಮಾತು ಮರೆತಿಲ್ಲ. ತಾಲೀಮ್ ಎಲ್ಲಿ ಮುಗಿದು ತರಬಿಯತ್ ಎಲ್ಲಿ ಶುರುವಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಆ ಬೆಳಗನ್ನು ತೋರಿಸುತ್ತೇನೆ.

ಕಾಗದ ಬಂದ ಕಾಲ

ನಮ್ಮದು ತಂತ್ರಜ್ಞಾನದ ಯುಗ, ಹಿಂದೆಂದೂ ಇಂಥ ಕಾಲ ಬಂದಿರಲಿಲ್ಲ ಎಂದು ನಾವು ಹೇಳುತ್ತಿರುತ್ತೇವೆ. ಇತಿಹಾಸ ಓದಿದರೆ ಹಾಗೆನಿಸುವುದಿಲ್ಲ. ಚೀನಾದಲ್ಲಿ ಹುಟ್ಟಿದ ಕಾಗದ ಮಧ್ಯ ಏಷ್ಯಾದ ಸಮರಖಂದ್ ದಾಟಿ, 8ನೇ ಶತಮಾನದ ಕೊನೆಯ ಹೊತ್ತಿಗೆ ಬಾಗ್ದಾದಿನಲ್ಲಿ ತಯಾರಾಗತೊಡಗಿತು. ಅದಕ್ಕೂ ಮುಂಚೆ ಬರೆಯಲು ಇದ್ದದ್ದು ಹದ ಮಾಡಿದ ಚರ್ಮ ಮತ್ತು ಈಜಿಪ್ಟಿನ ಪಪೈರಸ್, ಎರಡೂ ದುಬಾರಿ. ಕಾಗದ ಬಂದ ಮೇಲೆ ಪುಸ್ತಕ ನಕಲು ಮಾಡಿ ಮಾರುವವರ ಅಂಗಡಿಗಳೇ ಹುಟ್ಟಿಕೊಂಡವು. ಆ ಕಾಲಕ್ಕೆ ಅದು ಇಂದಿನ ಇಂಟರ್‌ನೆಟ್ ಇದ್ದ ಹಾಗೆ. ಕಾಗದ, ಕಲಮು, ದೌತಿ ಎಂಬ ನಮ್ಮ ಮಾತುಗಳು ಪಾರಸಿ, ಅರಬ್ಬಿಯ ದಾರಿ ಹಿಡಿದು ನಮ್ಮಲ್ಲಿಗೆ ಬಂದವು.

ಅನುಕೂಲದ ಜೊತೆಗೆ ತೊಂದರೆಯೂ ಬಂತು. ಬರೆಯುವುದು ಅಗ್ಗವಾದರೆ ಸುಳ್ಳು ಬರೆಯುವುದೂ ಅಗ್ಗ. ಪ್ರವಾದಿಗಳು ಹೀಗೆ ಹೇಳಿದ್ದರು ಎಂದು ಯಾರು ಬೇಕಾದರೂ ಏನು ಬೇಕಾದರೂ ಹಬ್ಬಿಸಬಹುದಿತ್ತು. ರಾಜಕೀಯಕ್ಕಾಗಿ, ಪಂಗಡಕ್ಕಾಗಿ ಹಬ್ಬಿಸಿದವರೂ ಇದ್ದರು. ಇದಕ್ಕೆ ವಿದ್ವಾಂಸರು ಬೆಳೆಸಿದ ಉಪಾಯಕ್ಕೆ ಇಸ್ನಾದ್ ಎಂದು ಹೆಸರು. ಒಂದು ಮಾತು ಹೇಳುವ ಮೊದಲು, ಇದನ್ನು ನನಗೆ ಇಂಥವರು ಹೇಳಿದರು, ಅವರಿಗೆ ಇಂಥವರು, ಅವರಿಗೆ ಇಂಥವರು ಎಂದು ಸರಪಳಿಯನ್ನು ಮೂಲದವರೆಗೆ ಹೇಳಬೇಕು. ಸರಪಳಿಯ ಒಂದು ಕೊಂಡಿ ಕಾಣದಿದ್ದರೂ ಮಾತಿನ ಬೆಲೆ ಇಳಿಯುತ್ತದೆ. ವಕೀಲರ ಸನದು ಎನ್ನುತ್ತೇವಲ್ಲ, ಆ ಸನದು ಎಂಬ ಶಬ್ದವೂ ಇಸ್ನಾದ್ ಎಂಬುದೂ ಒಂದೇ ಬೇರಿನವು.

ಸರಪಳಿಯಷ್ಟೇ ಸಾಲದು. ಅದರೊಳಗಿನ ಪ್ರತಿಯೊಬ್ಬನ ಬಗ್ಗೆ ಎರಡು ಪ್ರಶ್ನೆ ಕೇಳುತ್ತಿದ್ದರು. ಇವನ ನೆನಪು ಗಟ್ಟಿಯೇ? ಇವನ ನಡತೆ ನೆಟ್ಟಗಿದೆಯೇ? ಹೀಗೆ ವಿಚಾರಿಸಿ ವಿಚಾರಿಸಿ ಸಾವಿರಾರು ಜನರ ಜೀವನದ ವಿವರಗಳ ದೊಡ್ಡ ದೊಡ್ಡ ಗ್ರಂಥಗಳೇ ಸಿದ್ಧವಾದವು. ಬುಖಾರಾದ ವಿದ್ವಾಂಸ ಇಮಾಮ್ ಬುಖಾರಿ (ನಿಧನ 870) ಲಕ್ಷಗಟ್ಟಲೆ ಹೇಳಿಕೆಗಳನ್ನು ಜರಡಿ ಹಿಡಿದು, ಪುನರಾವರ್ತನೆಯೂ ಸೇರಿ ಏಳು ಸಾವಿರದಷ್ಟನ್ನು ಮಾತ್ರ ತಮ್ಮ ಸಂಗ್ರಹದಲ್ಲಿ ಉಳಿಸಿಕೊಂಡರು. ಆ ಸಂಗ್ರಹವನ್ನು ಮುಂದಿನ ತಲೆಮಾರುಗಳಿಗೆ ದಾಟಿಸಿದವರಲ್ಲಿ 11ನೇ ಶತಮಾನದಲ್ಲಿ ಮೆಕ್ಕಾದಲ್ಲಿ ಪಾಠ ಹೇಳುತ್ತಿದ್ದ ಕರೀಮಾ ಎಂಬ ವಿದುಷಿಯೂ ಒಬ್ಬರು. ದೂರದೂರದ ಗಂಡಸರು ಬಂದು ಆಕೆಯಿಂದ ಕಲಿತು ಹೋಗುತ್ತಿದ್ದರು. ಇದನ್ನು ನಮ್ಮ ಶಾಲೆಯ ಹೆಣ್ಣುಮಕ್ಕಳಿಗಾಗಿ ಬರೆದಿದ್ದೇನೆ.

ಪುಸ್ತಕ ಕಲಿಯುವುದಕ್ಕೂ ಒಂದು ಕ್ರಮವಿತ್ತು. ಅಂಗಡಿಯಿಂದ ತಂದು ಓದಿಕೊಂಡರೆ ಕಲಿತಂತಲ್ಲ. ಶಿಷ್ಯ ಅದನ್ನು ಗುರುವಿನ ಮುಂದೆ ಗಟ್ಟಿಯಾಗಿ ಓದಬೇಕು, ಗುರು ಕೇಳುತ್ತ ತಿದ್ದಬೇಕು. ಎಲ್ಲ ಮುಗಿದ ಮೇಲೆ, ಇನ್ನು ನೀನು ಇದನ್ನು ಬೇರೆಯವರಿಗೆ ಹೇಳಬಹುದು ಎಂದು ಅನುಮತಿ ಕೊಡಬೇಕು. ಇದಕ್ಕೆ ಇಜಾಜತ್ ಎನ್ನುತ್ತಾರೆ. ಅನುಮತಿ ಕೊಡುವವನು ಒಬ್ಬ ಗುರು, ಕಟ್ಟಡವಲ್ಲ, ಸಂಸ್ಥೆಯಲ್ಲ. ಶಿಷ್ಯನ ಜೊತೆ ದಿನಗಟ್ಟಲೆ ಕುಳಿತು ಅವನ ಓದನ್ನೂ ಅವನ ರೀತಿನೀತಿಯನ್ನೂ ಕಂಡವನು.

ಕಳ್ಳರು ಕಲಿಸಿದ ಪಾಠ

ಪರ್ಶಿಯಾದ ತೂಸ್ ಊರಿನ ಇಮಾಮ್ ಗಜ್ಜಾಲಿ (1058–1111) ಅವರ ಚರಿತ್ರೆ ಬರೆದವರು ಒಂದು ಪ್ರಸಂಗ ಹೇಳುತ್ತಾರೆ. ವಿದ್ಯಾರ್ಥಿಯಾಗಿದ್ದಾಗ ಗಜ್ಜಾಲಿ ಪರಸ್ಥಳದಲ್ಲಿ ಪಾಠ ಕೇಳಿ ಊರಿಗೆ ಮರಳುತ್ತಿದ್ದರು. ದಾರಿಯಲ್ಲಿ ಕಳ್ಳರು ಎಲ್ಲವನ್ನೂ ದೋಚಿದರು. ಗಜ್ಜಾಲಿ ಅವರ ಬೆನ್ನುಹತ್ತಿ ಹೋಗಿ, ಬೇರೇನೂ ಬೇಡ, ನನ್ನ ಟಿಪ್ಪಣಿಗಳ ಚೀಲವನ್ನಷ್ಟು ಕೊಡಿ, ನಾನು ಕಲಿತದ್ದೆಲ್ಲ ಅದರಲ್ಲಿದೆ ಎಂದು ಬೇಡಿಕೊಂಡರು. ಕಳ್ಳರ ನಾಯಕ ನಕ್ಕುಬಿಟ್ಟ. ಚೀಲ ಕಸಿದರೆ ಹೋಗಿಬಿಡುವ ವಿದ್ಯೆಯನ್ನು ನನ್ನದು ಎಂದು ಹೇಗೆ ಹೇಳುತ್ತೀ ಎಂದು ಕೇಳಿ ಚೀಲ ಕೊಟ್ಟು ಕಳಿಸಿದ. ಊರಿಗೆ ಬಂದ ಗಜ್ಜಾಲಿ ಮೂರು ವರ್ಷ ಕುಳಿತು ಆ ಟಿಪ್ಪಣಿಗಳನ್ನೆಲ್ಲ ಕಂಠಪಾಠ ಮಾಡಿದರಂತೆ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1091ರಲ್ಲಿ, ಮೂವತ್ತಮೂರರ ವಯಸ್ಸಿಗೆ, ಅವರು ಬಾಗ್ದಾದಿನ ಹೆಸರಾಂತ ನಿಜಾಮಿಯಾ ಮದರಸಾದ ಪ್ರಾಧ್ಯಾಪಕರಾದರು. ಮುಂದೆ ತಮ್ಮ ಆತ್ಮಕಥನದಲ್ಲಿ ಅವರೇ ಬರೆದುಕೊಂಡಂತೆ, ಒಂದು ದಿನ ತಾನು ಪಾಠ ಹೇಳುತ್ತಿರುವುದು ಯಾತಕ್ಕೆ ಎಂದು ಪರೀಕ್ಷಿಸಿಕೊಂಡಾಗ ಕೀರ್ತಿಯ ಆಸೆಯೇ ಕಂಡಿತು. ಪಾಠ ಹೇಳಲು ನಾಲಿಗೆಯೇ ಏಳದಂತಾಯಿತು. 1095ರಲ್ಲಿ ಹುದ್ದೆ ಬಿಟ್ಟು ಡಮಾಸ್ಕಸ್, ಜೆರುಸಲೇಮ್ ಎಂದು ಹೊರಟುಹೋದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಏಕಾಂತದ ಬದುಕು ನಡೆಸಿದರು.

ಚೀಲದಲ್ಲಿದ್ದ ವಿದ್ಯೆ ತಲೆಗೆ ಬರಲು ಮೂರು ವರ್ಷ ಸಾಕಾಯಿತು. ತಲೆಯಲ್ಲಿದ್ದದ್ದು ನಡತೆಗೆ ಇಳಿಯಲು ದೊಡ್ಡ ನೌಕರಿಯನ್ನೇ ಬಿಡಬೇಕಾಯಿತು. ಇಂದು ನಮ್ಮ ಚೀಲ ಮೊಬೈಲು. ಅದರಲ್ಲಿ ಬಾಗ್ದಾದಿನ ಎಲ್ಲ ಪುಸ್ತಕದ ಅಂಗಡಿಗಳೂ ಹಿಡಿಯುತ್ತವೆ. ಕಳ್ಳರ ನಾಯಕ ಕೇಳಿದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಬೀದರಿನ ಮದರಸಾ

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. 9ನೇ ತರಗತಿಯಲ್ಲಿ ನಮ್ಮ ಸಮಾಜ ವಿಜ್ಞಾನದ ಗುರುಗಳು ನಮ್ಮನ್ನು ಬೀದರಿಗೆ ಕರೆದೊಯ್ದಿದ್ದರು. ಕೋಟೆ ನೋಡಿ, ಮಹಮೂದ್ ಗವಾನ್ ಮದರಸಾದ ಮುಂದೆ ಬಿಸಿಲಲ್ಲಿ ನಮ್ಮನ್ನು ಸಾಲಾಗಿ ಕೂಡಿಸಿ ಸರ್ ಹೇಳಿದ ಪಾಠ ಇದು. ಆಗ ಬುತ್ತಿಯ ಕಡೆ ನಮ್ಮ ಲಕ್ಷ್ಯ. ಮುಂದೆ ನಾನೇ ಓದಿಕೊಂಡ ವಿವರಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಗವಾನ್ ಪರ್ಶಿಯಾದ ಗೀಲಾನ್ ಪ್ರಾಂತದವರು. 15ನೇ ಶತಮಾನದ ಮಧ್ಯದಲ್ಲಿ ವ್ಯಾಪಾರಿಯಾಗಿ ಬೀದರಿಗೆ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದರು. 1472ರಲ್ಲಿ ಕಟ್ಟಿಸಿದ ಮದರಸಾ ಮೂರು ಅಂತಸ್ತಿನದು. ನಡುವೆ ಅಂಗಳ, ಸುತ್ತಲೂ ಪಾಠದ ಕೋಣೆಗಳು, ಮಸೀದಿ, ಗ್ರಂಥಾಲಯ, ಗುರುಗಳಿಗೂ ವಿದ್ಯಾರ್ಥಿಗಳಿಗೂ ಅಲ್ಲಿಯೇ ವಾಸ. ಗ್ರಂಥಾಲಯದಲ್ಲಿ ಮೂರು ಸಾವಿರ ಗ್ರಂಥಗಳಿದ್ದವೆಂದು ಹೇಳುತ್ತಾರೆ. ಗುರುಗಳೂ ಶಿಷ್ಯರೂ ಒಂದೇ ಛಾವಣಿಯ ಕೆಳಗೆ ಇರುವಂತೆ ಕಟ್ಟಿದ್ದರಲ್ಲಿ ಅರ್ಥವಿದೆ. ತಾಲೀಮ್ ಕೋಣೆಯಲ್ಲಿ ನಡೆಯುತ್ತದೆ. ತರಬಿಯತ್ ಊಟ ಮಾಡುವಾಗ, ಜಗಳವಾಡಿದಾಗ, ಕಾಯಿಲೆ ಬಿದ್ದಾಗ ನಡೆಯುತ್ತದೆ.

ಗವಾನರು ಪತ್ರ ಬರೆಯುವುದರಲ್ಲಿ ನಿಸ್ಸೀಮರು. ಅವರ ಪಾರಸಿ ಪತ್ರಗಳ ಸಂಗ್ರಹ 'ರಿಯಾಜುಲ್ ಇನ್‌ಶಾ' ಇಂದಿಗೂ ಉಳಿದಿದೆ. ಪತ್ರ ಬರೆಯುವ ಕಲೆಯ ಬಗ್ಗೆಯೇ ಅವರು ಇನ್ನೊಂದು ಪುಸ್ತಕ ಬರೆದಿದ್ದಾರೆ. ಪಾರಸಿಯ ದೊಡ್ಡ ಕವಿ ಜಾಮಿಯ ಜೊತೆ ಅವರಿಗೆ ಪತ್ರವ್ಯವಹಾರವಿತ್ತು. ಅಂಥವರ ಪ್ರಾಣ ಹೋದದ್ದು ಒಂದು ಸುಳ್ಳು ಪತ್ರದಿಂದ.

ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಇದನ್ನು ವಿವರವಾಗಿ ಬರೆದಿದ್ದಾನೆ. ದರಬಾರಿನ ವಿರೋಧಿಗಳು ಗವಾನರ ಮುದ್ರೆ ಕಾಯುವವನ ಸ್ನೇಹ ಮಾಡಿದರು. ಅವನು ಕುಡಿದು ಮೈಮರೆತಿದ್ದಾಗ ಒಂದು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ನೀನು ದಂಡೆತ್ತಿ ಬಾ, ನಾನು ಸಹಾಯ ಮಾಡುತ್ತೇನೆ ಎಂದು ಒರಿಸ್ಸಾದ ರಾಜನಿಗೆ ಗವಾನರೇ ಬರೆದಂತೆ ಅದರ ಮೇಲೆ ಬರೆದು ಸುಲ್ತಾನ ಮೂರನೇ ಮುಹಮ್ಮದ್ ಶಾಹನ ಕೈಗೆ ಮುಟ್ಟಿಸಿದರು. ಸುಲ್ತಾನ ಗವಾನರನ್ನು ಕರೆಸಿ ಪತ್ರ ತೋರಿಸಿದ. ಮುದ್ರೆ ನನ್ನದೇ, ಪತ್ರ ನನ್ನದಲ್ಲ ಎಂದರು ಗವಾನ್. ಪತ್ರ ಯಾರು ತಂದರು, ಅವರಿಗೆ ಎಲ್ಲಿ ಸಿಕ್ಕಿತು, ಅವರು ಎಂಥವರು ಎಂದು ಸುಲ್ತಾನ ಕೇಳಲಿಲ್ಲ. 1481ರ ಏಪ್ರಿಲ್ 5ರಂದು ಆ ವೃದ್ಧ ಮಂತ್ರಿಯ ತಲೆ ಹಾರಿತು. ಆಮೇಲೆ ಸತ್ಯ ತಿಳಿದು ಸುಲ್ತಾನ ಮರುಗಿದ. ಮರುವರ್ಷ ಅವನೂ ತೀರಿಕೊಂಡ. ಮುಂದಿನ ಕೆಲವು ದಶಕಗಳಲ್ಲಿ ಬಹಮನಿ ರಾಜ್ಯ ಒಡೆದು ಐದಾಯಿತು.

ಕುರಾನಿನ 49ನೇ ಅಧ್ಯಾಯದ 6ನೇ ವಚನ ಇಂಥ ಸಂದರ್ಭಕ್ಕೇ ಇದೆ. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಮೊದಲು ವಿಚಾರಿಸಬೇಕು, ಇಲ್ಲದಿದ್ದರೆ ಗೊತ್ತಿಲ್ಲದೆ ಯಾರಿಗೋ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂಬುದು ಅದರ ತಾತ್ಪರ್ಯ. ಸುಲ್ತಾನನಿಗೆ ಇದು ತಿಳಿದಿರಲಿಲ್ಲವೆಂದು ನನಗೆ ಅನಿಸುವುದಿಲ್ಲ. ಓದಿದ್ದು ಬೇಕಾದ ಗಳಿಗೆಯಲ್ಲಿ ಕೈಗೆ ಬರಲಿಲ್ಲ.

ಗವಾನರ ಮದರಸಾವೂ ಪೂರ್ತಿ ಉಳಿಯಲಿಲ್ಲ. 17ನೇ ಶತಮಾನದ ಕೊನೆಗೆ, ಔರಂಗಜೇಬನ ಆಳ್ವಿಕೆಯಲ್ಲಿ, ಆ ವಿದ್ಯಾಮಂದಿರದಲ್ಲಿ ಸಿಡಿಮದ್ದು ತುಂಬಿಟ್ಟಿದ್ದರು. ಅದು ಸ್ಫೋಟಿಸಿ ಮುಂದಿನ ಒಂದು ಮಿನಾರು, ಕಟ್ಟಡದ ದೊಡ್ಡ ಭಾಗ ಉರುಳಿತು. ಇನ್ನೊಂದು ಮಿನಾರು ಅಲ್ಲಲ್ಲಿ ನೀಲಿ ಹಂಚುಗಳ ಸಮೇತ ಇಂದಿಗೂ ನಿಂತಿದೆ. ಅದನ್ನು ತೋರಿಸಿ ಸರ್ ಅಂದು ಹೇಳಿದ್ದು: "ಸುಲ್ತಾನ ಒಂದೇ ಒಂದು ಮಾತು ಕೇಳಿದ್ರ ಸಾಕಿತ್ತು. ಯಾರು ಹೇಳಿದ್ರು ಅಂತ."

ನನ್ನ ಮುದ್ರೆ

2018ರ ಬೇಸಿಗೆ, ಮಳೆಗಾಲ ನೆನಪಿರಬಹುದು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಪ್ ಸಂದೇಶಗಳು ದೇಶದ ತುಂಬ ಓಡಾಡುತ್ತಿದ್ದವು. ಜುಲೈ ತಿಂಗಳ ಮೊದಲ ವಾರ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬಸ್ಸಿನಲ್ಲಿ ಕುಳಿತಿದ್ದ ನನ್ನ ಮೊಬೈಲಿಗೂ ಅಂಥದ್ದೊಂದು ಬಂತು. ನಮ್ಮ ಕಡೆ ಅಂಥವರ ಗುಂಪು ತಿರುಗುತ್ತಿದೆ ಎಂದಿತ್ತು. ಊರಿನ ಮಕ್ಕಳ ನೆನಪಾಗಿ, ಎಚ್ಚರಿಕೆ ಇರಲಿ ಎಂದು ಸೇರಿಸಿ ಊರಿನ ಗುಂಪಿಗೆ ಕಳಿಸಿದೆ. ಎರಡು ಸೆಕೆಂಡಿನ ಕೆಲಸ. ಸ್ವಲ್ಪ ಹೊತ್ತಿಗೆ ಒಬ್ಬರು ಬರೆದರು: "ಇಂಜಿನಿಯರ್ ಸಾಹೇಬ್ರೇ ಕಳಿಸ್ಯಾರಂದ್ರ ಖರೇನೇ ಇರ್ತದ." ಅದನ್ನು ಓದಿ ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ರಾತ್ರಿ ನಮ್ಮ ಸಮಾಜ ವಿಜ್ಞಾನದ ಸರ್ ಫೋನ್ ಮಾಡಿದರು. ನಿವೃತ್ತರಾಗಿದ್ದ ಅವರೂ ಆ ಗುಂಪಿನಲ್ಲಿದ್ದರು.

"ತಮ್ಮಾ, ಆ ಸುದ್ದಿ ನಿನಗ್ಯಾರು ಹೇಳಿದ್ರು?"

"ಒಂದು ಗ್ರೂಪಿನ್ಯಾಗ ಬಂದಿತ್ತು ಸರ್."

"ಗ್ರೂಪ್ ಅಂದ್ರ ಮನುಷ್ಯಾನ ಹೆಸರೇನು?"

ಕಳಿಸಿದವನ ಹೆಸರು ಹೇಳಿದೆ. "ಅವನಿಗ್ಯಾರು ಹೇಳಿದ್ರು?" ಎಂದರು. ನಾನು ಸುಮ್ಮನಾದೆ. "ಮದರಸಾ ನೋಡ್ಲಾಕ ಕರ್ಕೊಂಡು ಹೋದಾಗ ನಾ ಏನು ಹೇಳಿದ್ದೆ, ನೆನಪದ ಏನು?" ಎಂದಷ್ಟೇ ಕೇಳಿ ಫೋನ್ ಇಟ್ಟರು. ಹಜ್ರತರು ಮಸೀದಿಯಲ್ಲಿ ಕಲಿಸಿದ್ದ ಪ್ರಶ್ನೆಯನ್ನೇ ಸರ್ ಕನ್ನಡದಲ್ಲಿ ಕೇಳಿದ್ದರು.

ಆಫೀಸಿನಲ್ಲಿ ನಾನು ಒಂದು ಸಾಲು ಕೋಡ್ ಬದಲಿಸಿದರೂ ಯಾರು, ಯಾವಾಗ, ಯಾಕೆ ಬದಲಿಸಿದರು ಎಂದು ದಾಖಲಾಗುತ್ತದೆ. ಇನ್ನೊಬ್ಬರು ನೋಡಿ ಒಪ್ಪದೆ ಅದು ಮುಂದೆ ಹೋಗುವುದಿಲ್ಲ. ಯಂತ್ರಕ್ಕೆ ಕೊಡುವ ಮಾತಿಗೆ ಇಷ್ಟು ಕಾವಲು ಇಟ್ಟ ನಾನು ನನ್ನ ಊರಿಗೆ ಕೊಟ್ಟ ಮಾತಿಗೆ ಯಾವ ಕಾವಲೂ ಇಟ್ಟಿರಲಿಲ್ಲ. ಬಿ.ಇ. ಎಂಬ ಎರಡಕ್ಷರ, ಈ ಶಾಲೆಯ ಹುಡುಗ ಎಂಬ ಹೆಸರು, ಇವೇ ನನ್ನ ಮುದ್ರೆ. ಆ ಮುದ್ರೆ ಖರೆ, ಅದರ ಕೆಳಗಿನ ಪತ್ರ ಸುಳ್ಳು. ಗವಾನರ ಮುದ್ರೆಯನ್ನು ಕುಡಿದವನು ಒತ್ತಿದ್ದ. ನಾನು ಎಚ್ಚರವಿದ್ದೇ ಒತ್ತಿದ್ದೆ.

ಅದೇ ರಾತ್ರಿ ಗುಂಪಿನಲ್ಲಿ, ನಾನು ಕಳಿಸಿದ್ದಕ್ಕೆ ಯಾವ ಆಧಾರವೂ ಇಲ್ಲ, ತಪ್ಪಾಯಿತು, ಯಾರೂ ಮುಂದೆ ಕಳಿಸಬೇಡಿ ಎಂದು ಬರೆದೆ. ಬರೆಯುವಾಗ ಮಸೀದಿಯ ಪಡಸಾಲೆಯಲ್ಲಿ ನಿಂತ ಹಜ್ರತರು ಕಣ್ಣ ಮುಂದೆ ಬಂದಿದ್ದರು. ಆದರೆ ಅಷ್ಟರಲ್ಲಿ ಎಷ್ಟೋ ಜನ ಅದನ್ನು ಮುಂದೆ ಕಳಿಸಿಯಾಗಿತ್ತು. ಸುಳ್ಳು ಓಡಿದಷ್ಟು ವೇಗವಾಗಿ ಕ್ಷಮೆ ಓಡುವುದಿಲ್ಲ.

ಅದಾಗಿ ಕೆಲವೇ ದಿನ. ಜುಲೈ 13, ಶುಕ್ರವಾರ. ನಮ್ಮದೇ ಜಿಲ್ಲೆಯ ಔರಾದ ತಾಲೂಕಿನ ಭಾಗಕ್ಕೆ ಹೈದರಾಬಾದಿನಿಂದ ಗೆಳೆಯರ ಗುಂಪೊಂದು ಬಂದಿತ್ತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸಪ್ಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುಂದಿನ ಊರಲ್ಲಿ ದಾರಿ ಕಟ್ಟಿದರು. ಕಾಪಾಡಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಒಬ್ಬ ಯುವಕ ಅಲ್ಲಿಯೇ ಪ್ರಾಣ ಬಿಟ್ಟ. ಅವನೂ ಸಾಫ್ಟ್‌ವೇರ್ ಇಂಜಿನಿಯರ್, ಹೆಚ್ಚುಕಡಿಮೆ ನನ್ನ ವಯಸ್ಸಿನವನೇ. ಅವನ ಹೆಸರನ್ನಾಗಲಿ ಆ ಊರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಆ ದಿನಗಳಲ್ಲಿ ಅದು ಯಾವ ಊರಾದರೂ ಆಗಬಹುದಿತ್ತು. ಅದೇ ತಿಂಗಳು ವಾಟ್ಸಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂದು ಮಿತಿ ಹಾಕುವುದಾಗಿ ಪ್ರಕಟಿಸಿತು. ತಂತ್ರಜ್ಞಾನದ ಕೈಲಾದದ್ದು ಅಷ್ಟು. ಆ ಐದು ಕಡೆ ಕಳಿಸುವ ಬೆರಳನ್ನು ತಡೆಯಬೇಕಾದದ್ದು ತರಬಿಯತ್.

ನಾನು ಕಳಿಸಿದ ಸಂದೇಶ ಅಲ್ಲಿಗೆ ತಲುಪಿತ್ತೆಂದು ಹೇಳಲು ಆಧಾರವಿಲ್ಲ. ತಲುಪಿರಲಿಲ್ಲವೆಂದು ಹೇಳಲೂ ಆಧಾರವಿಲ್ಲ. ಈ ಎರಡನೆಯ ವಾಕ್ಯದ ಜೊತೆ ನಾನು ಇಷ್ಟು ವರ್ಷ ಬದುಕಿದ್ದೇನೆ.

ಶಾಲೆಗೆ ಒಂದು ಬಿನ್ನಹ

ಈಗ ನನ್ನ ಮಗಳು ಬೆಂಗಳೂರಿನಲ್ಲಿ ವಿಡಿಯೊ ಕರೆಯಲ್ಲಿ ಅರಬ್ಬಿ ಓದಲು ಕಲಿಯುತ್ತಾಳೆ. ಅವಳ ಉಚ್ಚಾರಣೆ ನನಗಿಂತ ಚೆಂದ. ಯಂತ್ರದಿಂದ ತಾಲೀಮಿಗೆ ಅನುಕೂಲವೇ ಆಗಿದೆ, ಅದನ್ನು ಬೈಯುವವನು ನಾನಲ್ಲ. ನನ್ನ ಅನ್ನವೇ ಅದು. ಆದರೆ ತನ್ನ ತಪ್ಪನ್ನು ತಾನೇ ಎದ್ದು ನಿಂತು ಒಪ್ಪಿಕೊಳ್ಳುವ ಗುರುವನ್ನು ಹತ್ತಿರದಿಂದ ನೋಡುವ ಅವಕಾಶ ಅವಳಿಗೆ ಆ ಪರದೆಯಲ್ಲಿ ಸಿಗುವುದು ಕಡಿಮೆ. ಅದನ್ನು ಮನೆಯಲ್ಲಿ ನಾನು, ಶಾಲೆಯಲ್ಲಿ ಅವಳ ಗುರುಗಳು ತುಂಬಿ ಕೊಡಬೇಕು.

ಸುವರ್ಣ ಮಹೋತ್ಸವದ ನೆನಪಿಗಾಗಿ ನಮ್ಮ ತಂಡದವರು ಶಾಲೆಗೆ ಕೆಲವು ಕಂಪ್ಯೂಟರ್ ಕೊಡುತ್ತಿದ್ದೇವೆ. ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ. ಆ ಕೋಣೆಯ ಗೋಡೆಯ ಮೇಲೆ ಎರಡು ಪ್ರಶ್ನೆಗಳನ್ನು ದೊಡ್ಡದಾಗಿ ಬರೆಸಿರಿ: ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು? ಪ್ರತಿ ವರ್ಷ 9ನೇ ತರಗತಿಯವರನ್ನು ಒಮ್ಮೆ ಬೀದರಿಗೆ ಕರೆದೊಯ್ದು ಆ ಒಂಟಿ ಮಿನಾರಿನ ಮುಂದೆ ಕೂಡಿಸಿರಿ. ಅಂದು ಅವರ ಲಕ್ಷ್ಯ ಬುತ್ತಿಯ ಕಡೆ ಇದ್ದರೂ ಚಿಂತೆಯಿಲ್ಲ. ನಮ್ಮದೂ ಹಾಗೆಯೇ ಇತ್ತು.

ಕೊನೆಯ ಮಾತು. ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ಊರಿಗೆ ಬಂದು ಸರ್ ಅವರ ಮುಂದೆ ಕುಳಿತು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಎರಡು ಕಡೆ ತಡೆದು, "ಇದನ್ನ ಎಲ್ಲಿ ಓದಿದಿ?" ಎಂದು ವಿಚಾರಿಸಿದರು. ಒಂದು ಕಡೆ ನನ್ನಲ್ಲಿ ಉತ್ತರವಿರಲಿಲ್ಲ. ಆ ವಾಕ್ಯ ತೆಗೆದುಹಾಕಿದೆ. ಮುಗಿದ ಮೇಲೆ, "ಕೊಡು ತಮ್ಮಾ, ಅಡ್ಡಿ ಇಲ್ಲ" ಎಂದರು.

ಅದೇ ನನ್ನ ಇಜಾಜತ್.